ಪಂಚಾಯತಿ ರೇಡಿಯೊ ಮರಾಠಿ ಮಾತಾಡಿದ ವಾರ

ಒಂದು ಸ್ಕ್ರೂಡ್ರೈವರ್ ಹಿಡಿದು, ಎರಡೇ ದಿನದಲ್ಲಿ, ಹತ್ತಾರು ಕನ್ನಡ ಹಳ್ಳಿಗಳನ್ನು ಮುಂಬೈ ರಾಜ್ಯಕ್ಕೆ ಮರಳಿ ಸೇರಿಸಿದ ಮಹಾನುಭಾವ ನಾನೇ. ದೊಡ್ಡ ದೊಡ್ಡ ಮುಖಂಡರು ವರ್ಷಗಟ್ಟಲೆ ಭಾಷಣ ಮಾಡಿಯೂ ಆಗದ ಕೆಲಸವನ್ನು ನಾನು ಎರಡನೆಯ ದಿನದ ಬುತ್ತಿ ಬಿಚ್ಚುವ ಮೊದಲೇ ಮುಗಿಸಿದ್ದೆ. ಅದೂ ಪುಕ್ಕಟೆ, ಅದೂ ನನಗೇ ಗೊತ್ತಿಲ್ಲದೆ.

ಹೋದ ವಾರ ವಿಜಾಪುರದ ಗೋಳಗುಮ್ಮಟದ ಹತ್ತಿರ ಅಂಚೆ ಕಚೇರಿಗೆ ಹೋಗಿದ್ದೆ. ಕೌಂಟರಿನ ಆಚೆ ಒಬ್ಬರು ಪಾರ್ಸಲಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಕರಗಿದ ಅರಗಿನ ಆ ಕಮಟು ವಾಸನೆ ಮೂಗಿಗೆ ತಾಗಿದ್ದೇ ತಡ, ಮೀಸೆ ಮುಟ್ಟಿ ನೋಡಿಕೊಂಡೆ. ಎಂಟು ವರ್ಷ ಕಳೆದರೂ ನನ್ನ ಮೂಗಿಗೆ ಆ ಚಳಿಗಾಲ ನೆನಪಿದೆ. ತಲೆ ಮರೆಯುತ್ತದೆ, ಮೂಗು ಮರೆಯುವುದಿಲ್ಲ.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ನನಗೆ ಆಗತಾನೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹಳ್ಳಿ ರೇಡಿಯೊಗಳನ್ನು ನೋಡಿಕೊಳ್ಳುವ ಸರಕಾರಿ ಕಚೇರಿಯಲ್ಲಿ ಆರು ತಿಂಗಳ ಪರೀಕ್ಷಾವಧಿಯ ಮೇಲೆ ಮೆಕ್ಯಾನಿಕ್ ಎಂದು ತೆಗೆದುಕೊಂಡಿದ್ದರು. ಕೊಟ್ಟದ್ದು ಒಂದು ಸೈಕಲ್, ಒಂದು ಚರ್ಮದ ಚೀಲ, ಒಂದು ಬೀಗದಕೈ ಗೊಂಚಲು. ಆ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ತಿಕೋಟಾದಿಂದ ಬಬಲೇಶ್ವರದ ತನಕ ಆದಿಲಶಾಹಿಯ ಖಜಾಂಚಿಯಂತೆ ಓಡಾಡುತ್ತಿದ್ದೆ.

ಆಗಿನ ರೇಡಿಯೊ ಈಗಿನ ಹಾಗೆ ಬಗಲಲ್ಲಿ ಇಟ್ಟುಕೊಳ್ಳುವ ಸಾಮಾನಲ್ಲ. ಊರಿಗೆಲ್ಲ ಒಂದೇ. ಚಾವಡಿಯ ಗೋಡೆಗೆ ಹೊಡೆದ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ. ಹೊರಗೆ ಹಚ್ಚುವ ಆರಿಸುವ ಗುಂಡಿ ಒಂದು ಮಾತ್ರ. ನಿಲಯ ಬದಲಿಸುವ ಗುಂಡಿಯನ್ನು ಕಿತ್ತು, ಆ ಜಾಗದಲ್ಲಿ ಪೆಟ್ಟಿಗೆಯ ಒಳಗೆ ಒಂದು ತಿರುಪು ಉಳಿಸಿ, ಅದರ ಮೇಲೆ ಅರಗು ಸುರಿದು ಮುದ್ರೆ ಒತ್ತಿರುತ್ತಿದ್ದರು. ಜನ ಸಿನಿಮಾ ಹಾಡಿಗೆ ಹೊರಳಬಾರದು, ಗೊಬ್ಬರದ ಭಾಷಣವನ್ನೇ ಕೇಳಬೇಕೆಂದು ಸರಕಾರದ ಆಸೆ. ಪೆಟ್ಟಿಗೆಯಿಂದ ಒಂದು ತಂತಿ ಬೇವಿನ ಮರಕ್ಕೆ ಏರುತ್ತಿತ್ತು, ಇನ್ನೊಂದು ನೆಲದ ಗುಣಿಗೆ ಇಳಿಯುತ್ತಿತ್ತು. ಆ ಗುಣಿ ಒಣಗಿದರೆ ದನಿ ಗೊಗ್ಗರು. ಹಾಗಾಗಿ ದಿನಾ ಒಂದು ಕೊಡ ನೀರು ಹಾಕಬೇಕು. ಕೆಲವು ಊರಲ್ಲಿ ಹೆಣ್ಣುಮಕ್ಕಳು ನೀರು ಹಾಕಿ, ಹೇಗೂ ಬಂದಿದ್ದೇವೆಂದು ಅರಿಶಿನ ಕುಂಕುಮವನ್ನೂ ಏರಿಸುತ್ತಿದ್ದರು.

ನಮ್ಮ ಸೀಮೆಗೆಂದು ಇದ್ದ ನಿಲಯ ಬಹಳ ಬಡಕಲು ಶಕ್ತಿಯದು. ಡೋಣಿ ನದಿ ದಾಟುವಷ್ಟರಲ್ಲೇ ಅದಕ್ಕೆ ದಮ್ಮು ಹತ್ತುತ್ತಿತ್ತು. ಸಂಜೆಯಾದರೆ ದೂರದ ದೊಡ್ಡ ನಿಲಯಗಳು ಅದರ ಮೇಲೆ ಹತ್ತಿ ಕೂರುತ್ತಿದ್ದವು. ಅದಕ್ಕೇ ಅದನ್ನು ಬೇರೆ ತರಂಗಾಂತರಕ್ಕೆ, ಸ್ವಲ್ಪ ಖಾಲಿ ಜಾಗಕ್ಕೆ, ಒಯ್ಯುವುದೆಂದು ಆಜ್ಞೆ ಬಂತು. ಅಂದರೆ ಊರೂರಿಗೆ ಹೋಗಿ ಬೀಗ ತೆಗೆದು, ಅರಗು ಒಡೆದು, ತಿರುಪು ತಿರುಗಿಸಿ, ಮತ್ತೆ ಅರಗು ಹಾಕಬೇಕು.

ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರದು ಮಾತು ಕಡಿಮೆ, ನಶ್ಯ ಜಾಸ್ತಿ. ಕರೆದು ಹೇಳಿದರು, "ಗುರುಪಾದ, ಐತವಾರ ರಾತ್ರಿ ನಿಲಯ ಜಾಗಾ ಬದಲ ಮಾಡ್ತದ. ಸೋಮವಾರದಿಂದ ನೀ ಹೊರಡು. ನಿಲಯ ಮಾತಾಡೋವಾಗ ಕಿವಿಗೊಟ್ಟು ಕೇಳಿ ತಿರುಪು ತಿರುವು. ಶಾಣ್ಯಾತನ ಮಾಡಬ್ಯಾಡ."

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಕೇಳಿಸಿತು. ಹೊಲದಲ್ಲಿ ಬಿಳಿಜೋಳ ಹಾಲುಕಾಳಿಗೆ ಬಂದಿತ್ತು. ಗೆಳೆಯನ ಹೊಲದಲ್ಲಿ ಐತವಾರ ಸೀತನಿಗೆ ಕರೆ ಇತ್ತು. ಎಳೆ ತೆನೆ ಸುಟ್ಟು, ಉಜ್ಜಿ, ಶೇಂಗಾ ಹಿಂಡಿಯ ಜೊತೆ ತಿಂದರೆ ಎರಡು ದಿನ ಏಳಲಿಕ್ಕಾಗುವುದಿಲ್ಲ, ಏಳಲೂಬಾರದು. ಸೋಮವಾರ ಬೆಳಿಗ್ಗೆ ಚಳಿಯಲ್ಲಿ ಸೈಕಲ್ ಹತ್ತುವುದು ಯಾರಿಗೆ ಬೇಕು. ಹೊಸ ಸಂಖ್ಯೆ ಆಜ್ಞೆಯಲ್ಲೇ ಇದೆ, ಹಳೆಯದು ನನಗೆ ಗೊತ್ತು, ಲೆಕ್ಕ ಹಾಕಿ ಮೊದಲೇ ತಿರುಗಿಸಿಟ್ಟರೆ ಸೋಮವಾರ ನಿಲಯವೇ ಬಂದು ಸಂಖ್ಯೆಪಟ್ಟಿಯ ಮೇಲಿನ ನನ್ನ ಮುಳ್ಳಿನ ಕೆಳಗೆ ನಿಲ್ಲುತ್ತದೆ ಎಂದುಕೊಂಡೆ. ಶುಕ್ರವಾರ, ಶನಿವಾರ ಎರಡೇ ದಿನದಲ್ಲಿ ಎಲ್ಲ ಊರು ಸುತ್ತಿದೆ. ಹೊಸ ಸಂಖ್ಯೆ ದೊಡ್ಡದಿತ್ತು. ಎಲ್ಲ ಪೆಟ್ಟಿಗೆಯಲ್ಲೂ ಮುಳ್ಳನ್ನು ದೊಡ್ಡ ಸಂಖ್ಯೆಯ ಕಡೆಗೆ ಸರಿಸಿದೆ. ಅರಗು ಕಾಸಿ ಸುರಿದು ಮುದ್ರೆ ಒತ್ತಿದೆ. "ನಿಲಯ ಮನಿ ಬದಲ ಮಾಡಾಕತ್ತೈತಿ, ಸಾಮಾನ ಸಾಗಸೂತನಕ ಮಾತಾಡಂಗಿಲ್ಲ" ಎಂದು ಊರೂರಿಗೆ ಹೇಳಿ ನನ್ನ ಜೋಕಿಗೆ ನಾನೇ ನಕ್ಕೆ.

ಕೊನೆಯ ಊರು ಕಾಖಂಡಕಿ. ಚಾವಡಿ ಮುಟ್ಟಿದಾಗ ಒಬ್ಬ ಹೆಣ್ಣುಮಗಳು ನೆಲದ ಗುಣಿಗೆ ನೀರು ಹಾಕುತ್ತಿದ್ದಳು. ಪಕ್ಕದ ಮನೆಯ ಸೊಸೆ, ಹೆಸರು ನೀಲವ್ವ. ನಾನು ಪೆಟ್ಟಿಗೆ ತೆರೆದದ್ದು ನೋಡಿ ಕೊಡ ಅಲ್ಲೇ ಇಟ್ಟು ಬಂದಳು.

"ರೇಡಿಯೊ ಮಾಸ್ತರ, ಬುಧವಾರ ಸಂಜಿಗೆ ಇದು ಮಾತಾಡತೈತಲ್ಲರಿ?"

"ಮಾತಾಡೂದೇನವ್ವಾ, ಕುಣಿತೈತಿ. ಬುಧವಾರ ಅಂಥಾದ್ದೇನೈತಿ?"

ಅವಳು ಸೆರಗಿನ ತುದಿ ತಿರುವುತ್ತ ಕಟ್ಟೆಯ ಕಡೆ ನೋಡಿದಳು. ಉತ್ತರ ಬಂದದ್ದು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ಅವಳ ಅತ್ತೆ ಕಾಶವ್ವನಿಂದ. "ಏನೈತಿ ಅಂದ್ರ, ಈಕಿ ರೇಡಿಯೊದಾಗ ಬೀಸೂ ಪದಾ ಹಾಡ್ಯಾಳಂತ. ಅಣ್ಣನ ಕರಕೊಂಡು ಎರಡ ದಿನ ಮನಿ ಬಿಟ್ಟು ಹೋಗಿದ್ಲು. ಹಾಡ್ಯಾಳೋ, ಊರು ನೋಡಿ ಬಂದಾಳೋ, ನನಗೇನ ಗೊತ್ತು. ಉಗಾದಿಗೆ ಮತ್ತ ಕರದಾರಂತ. ಬುಧವಾರ ಚಾವಡ್ಯಾಗ ಕುಂತು ನನ್ನ ಕಿವೀಲೆ ಕೇಳತೇನಿ. ಕೇಳಿದ್ರ ಕಳಸತೇನಿ. ಇಲ್ಲಂದ್ರ ಇದ ಕಡೀದು."

ನೀಲವ್ವ ತಗ್ಗಿದ ದನಿಯಲ್ಲಿ ಹೇಳಿದಳು, "ಒಮ್ಮಿ ಹಾಕಿದ್ದು ಮತ್ತ ಹಾಕಂಗಿಲ್ಲಂತರಿ. ಆ ಟೇಪ ಅಳಿಸಿ ಮತ್ತೊಬ್ಬರ ಹಾಡು ತುಂಬತಾರಂತ. ಅದಕ ಕೇಳಿದೆ."

"ಯವ್ವಾ, ನಾ ಹಾಕಿದ ಅರಗು ಇದು. ಬ್ಯಾಟರಿ ಉಳಸಾಕ ಬುಧವಾರದತನಕ ಹಚ್ಚಬ್ಯಾಡ್ರಿ. ಬುಧವಾರ ಹಚ್ಚಿದಕೂಡ್ಲೆ ನಿನ್ನ ದನಿ ಬರಲಿಲ್ಲಂದ್ರ ನನ್ನ ಮೀಸಿ ಬೋಳಸತೇನಿ" ಎಂದೆ. ಒಟ್ಟು ಹನ್ನೆರಡು ಕೂದಲಿನ ಮೀಸೆ. ಆದರೂ ಅವಳು ನಂಬಿದಳು. ಎರಡು ಬಟ್ಟಲು ಬೆಲ್ಲದ ಚಹಾ ಕುಡಿಸಿದಳು.

ಸೋಮವಾರ ಸಂಜೆ, ಹೊಟ್ಟೆಯಲ್ಲಿ ಇನ್ನೂ ಸೀತನಿ ಇರುವಾಗಲೇ, ನನ್ನ ಕೀರ್ತಿಯನ್ನು ಕಣ್ಣಾರೆ ನೋಡಲೆಂದು ಸಾರವಾಡಕ್ಕೆ ಹೋದೆ. ಚಾವಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಮುಂದೆ ಕೂತ ಸಿದ್ರಾಮಜ್ಜ ನನ್ನನ್ನು ನೋಡಿ ಜಾಗ ಕೊಟ್ಟ. ಆ ಜಾಗ ಕೊಟ್ಟ ರೀತಿ ಸರಿ ಇರಲಿಲ್ಲ.

"ಬಾರಪಾ ಮಾಸ್ತರ. ನಿನಗ ಮೊದಲ ಗೊತ್ತಿತ್ತು, ಹೌದಲ್ಲೊ?"

"ಏನ ಅಜ್ಜಾ?"

"ನಮ್ಮನ್ನ ತಿರಗಿ ಮುಂಬೈದವರಿಗೆ ಕೊಟ್ಟಾರಲ್ಲ, ಅದು. ಮನಿ ಬದಲ ಮಾಡಾಕತ್ತಾರ ಅಂತ ನೀನ ಹೇಳಿ ಹೋದಿ. ಯಾರ ಮನಿ ಅಂತ ಹೇಳಲಿಲ್ಲ."

ಆಗ ನನ್ನ ಕಿವಿ ತೆರೆಯಿತು. ಪೆಟ್ಟಿಗೆ ಶುದ್ಧ ಮರಾಠಿ ಮಾತಾಡುತ್ತಿತ್ತು. ಗಂಭೀರವಾದ ಗಂಡು ದನಿ, ಒಂದಿಷ್ಟೂ ಗೊಗ್ಗರಿಲ್ಲ. ನಮ್ಮ ಬಡಕಲು ನಿಲಯ ಹುಟ್ಟಿದಾಗಿನಿಂದ ಅಷ್ಟು ಸ್ಪಷ್ಟವಾಗಿ ಮಾತಾಡಿರಲಿಲ್ಲ.

"ನಾ ಸಾಲ್ಯಾಗ ಮರಾಠಿ ಕಲತಾವ" ಎಂದ ಸಿದ್ರಾಮಜ್ಜ. "ಮೂರ ದಿನಾತು, ಕಬ್ಬಿಗೆ ಗೊಬ್ಬರಾ ಹಾಕ್ರಿ ಅನ್ನಾಕತ್ತಾನ. ನಮ್ಮೂರಾಗ ಕಬ್ಬು ಎಲ್ಲೈತಿ ಅಂತ ಅವಗ ಯಾರ ಹೇಳಬೇಕು."

ಹಿಂದಿನಿಂದ ಒಬ್ಬ ಕೇಳಿದ, "ಅಜ್ಜಾ, ಹಂಗಾದ್ರ ಸಾಲಿ ಪುಸ್ತಕಾನೂ ಬದಲ ಮಾಡ್ತಾರೇನು?"

"ಮೊದಲ ಗೊಬ್ಬರಾ ಮುಗೀಲಿ, ಆಮ್ಯಾಲೆ ಪುಸ್ತಕ."

ನನ್ನ ತಪ್ಪು ಆಗ ಹೊಳೆಯಿತು, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಆಜ್ಞೆಯಲ್ಲಿದ್ದ ಸಂಖ್ಯೆ ಸೆಕೆಂಡಿಗೆ ಎಷ್ಟು ಅಲೆ ಎಂಬ ಕಿಲೊಸೈಕಲ್ ಲೆಕ್ಕದ್ದು. ಪೆಟ್ಟಿಗೆಯೊಳಗಿನ ಪಟ್ಟಿಯ ಮೇಲಿದ್ದದ್ದು ಅಲೆ ಎಷ್ಟು ಉದ್ದ ಎಂಬ ಮೀಟರ್ ಲೆಕ್ಕ. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು ಪಾಸಾಗಿದ್ದೆ. ತಿರುಪನ್ನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದ್ದೆ, ಒಂದು ಊರಲ್ಲಲ್ಲ, ಊರೂರಲ್ಲಿ, ಅದರ ಮೇಲೆ ಸರಕಾರಿ ಮುದ್ರೆ ಒತ್ತಿ.

ಅಲ್ಲೇ ಬೀಗ ತೆಗೆದು, ಅರಗು ಕೆತ್ತಿ, ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ತಿರುಪನ್ನು ಹಿಂದಕ್ಕೆ ತಂದೆ. ಸಿಳ್ಳು, ಗೊರಕೆ, ಮತ್ತೆ ಸಿಳ್ಳು, ಆಮೇಲೆ ದೂರದಿಂದ ಕ್ಷೀಣವಾಗಿ ಕನ್ನಡ. ಸಿದ್ರಾಮಜ್ಜ ಉಸಿರು ಬಿಟ್ಟು, "ಹಾಂ, ಬಂದ್ವಿ ನೋಡು ನಮ್ಮ ರಾಜ್ಯಕ್ಕ. ದನಿ ಸಣ್ಣದಾತು, ಇರಲಿ, ನಮ್ಮದು" ಎಂದ.

ನಾನು ಮಾತ್ರ ಬೆರಳು ಮಡಚಿ ಉಳಿದ ಊರುಗಳನ್ನು ಎಣಿಸತೊಡಗಿದೆ. ನಿಲಯ ಮಾತಾಡುವುದು ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ, ಸಂಜೆ ಸ್ವಲ್ಪ. ಅದು ಮಾತಾಡುವಾಗ ಮಾತ್ರ ಸರಿಪಡಿಸಬಹುದು. ನನ್ನ ಲೆಕ್ಕದ ಮೇಲೆ ಇನ್ನು ನನಗೇ ನಂಬಿಕೆ ಇರಲಿಲ್ಲ. ರಾತ್ರಿ ಸಾರವಾಡದಲ್ಲೇ ಉಳಿದು, ಮುಂಜಾನೆ ಎದ್ದವನೇ ಕಾಖಂಡಕಿಗೆ, ಉಳಿದದ್ದು ಆಮೇಲೆ ಎಂದು ನಿಶ್ಚಯಿಸಿದೆ. ಆದರೆ ಮಂಗಳವಾರ ಮುಂಜಾನೆಯ ಬಸ್ಸಿನ ಕಂಡಕ್ಟರ್ ಇಳಿಯುತ್ತಲೇ ಕೂಗಿದ, "ರೇಡಿಯೊ ಗುರುಪಾದ ಯಾರು? ದೇಸಾಯಿ ಸಾಹೇಬ್ರು ಉಟ್ಟ ಬಟ್ಟಿ ಮ್ಯಾಲೆ ಬಾ ಅಂದಾರ."

ವಿಜಾಪುರದ ಕಚೇರಿಯಲ್ಲಿ ಸಾಹೇಬರು ನಶ್ಯದ ಡಬ್ಬಿ ಮುಚ್ಚಿ ಕೇಳಿದರು.

"ಕಿಲೊಸೈಕಲ್ ಏರಿದ್ರ ಮೀಟರ್ ಏನಾಗ್ತದ?"

"ಇಳೀತದ್ರಿ."

"ಅಂದ್ರ ನಿನಗ ಗೊತ್ತದ. ಗೊತ್ತಿರಲಾರದ ಮಾಡಿದ್ರ ಮಾಫ ಮಾಡತಿದ್ದೆ." ಒಂದು ಚಿಟಿಕೆ ಏರಿಸಿದರು. "ಮೊದಲ ತಿಕೋಟಾ. ಅಲ್ಲಿ ಪಂಚಾಯತಿ ಚೇರ್ಮನ್ನರು ಬೆಂಗಳೂರಿಗೆ ತಂತಿ ಕಳಸಾಕ ಕುಂತಾರ. ತಿಕೋಟಾ, ಅದರ ಸುತ್ತಮುತ್ತ. ಆಮ್ಯಾಲೆ ಬಬಲೇಶ್ವರ ಕಡೆ."

"ಸಾಹೇಬ್ರ, ಕಾಖಂಡಕಿ ಮೊದಲ ಮಾಡಿ…"

"ಕಾಖಂಡಕಿ ಕಡೀಕ. ಅಲ್ಲಿಂದ ಒಂದೂ ತಕರಾರ ಬಂದಿಲ್ಲ."

ಬಂದಿರಲಿಲ್ಲ, ಯಾಕೆಂದರೆ ಅವರು ನನ್ನ ಮಾತು ಕೇಳಿ ಪೆಟ್ಟಿಗೆ ಹಚ್ಚಿಯೇ ಇರಲಿಲ್ಲ. ನನ್ನನ್ನು ಬೈದ ಊರಿಗೆಲ್ಲ ಸರತಿ ಮೊದಲು, ನಂಬಿದ ಊರಿಗೆ ಕೊನೆಗೆ. ಇದನ್ನು ಸಾಹೇಬರಿಗೆ ಹೇಳಬೇಕಿತ್ತು. ಪರೀಕ್ಷಾವಧಿಯ ಆರು ತಿಂಗಳು ನಾಲಿಗೆಯ ಮೇಲೆ ಕೂತಿದ್ದವು. ಹೇಳಲಿಲ್ಲ.

ತಿಕೋಟಾದ ಚೇರ್ಮನ್ನರು ನನ್ನನ್ನು ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. "ನೀ ಯಾರ ಕಡಿಯಾಂವ, ಮೊದಲ ಅದನ್ನ ಹೇಳು" ಎಂದರು. ನಾನು ನನ್ನ ಊರು, ಅಪ್ಪ, ಅಜ್ಜ, ಮನೆದೇವರು ಎಲ್ಲ ಹೇಳಿದೆ. ಸಂಜೆ ಕನ್ನಡ ಬಂದಮೇಲೂ ಬಿಡಲಿಲ್ಲ. "ರಾತ್ರಿ ಮತ್ತ ಮರಾಠಿಗೆ ಹೊಳ್ಳಿದ್ರ? ಮುಂಜಾನೆ ನೋಡಿ ಹೋಗು." ಊಟ ಹಾಕಿದರು, ಹಾಸಲು ಕೊಟ್ಟರು, ಚಾವಡಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರು. ರೇಡಿಯೊಕ್ಕೆ ಜಾಮೀನಾಗಿ ಒಳಗಿದ್ದ ಮೊದಲ ಮನುಷ್ಯ ನಾನೇ ಇರಬೇಕು.

ಬುಧವಾರ ಬೆಳಿಗ್ಗೆ ಅಲ್ಲಿ ಬಿಟ್ಟರು. ಪಕ್ಕದ ಹಳ್ಳಿಯೊಂದನ್ನು ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಆಗಲೇ ಮೋಡ ಕವಿಯಿತು. ಆ ಕಾಲದಲ್ಲಿ ಬರಬಾರದ ಮಳೆ, ಸಣ್ಣಗೆ, ನಿಲ್ಲದೆ. ಸಾಹೇಬರ ಸರತಿಯನ್ನು ಮೋಡಕ್ಕೆ ಒಪ್ಪಿಸಿ, ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ ವಿಜಾಪುರಕ್ಕೆ ಬಂದೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಬಬಲೇಶ್ವರ. ಪ್ರತಿ ನಿಲ್ದಾಣದಲ್ಲೂ ಡ್ರೈವರ್ ಚಹಾ ಕುಡಿಯುತ್ತಿದ್ದ, ನಾನು ಉಗುರು ತಿನ್ನುತ್ತಿದ್ದೆ. "ತಮ್ಮಾ, ಮನ್ಯಾಗ ಯಾರರೆ ಹಡ್ಯಾಕತ್ತಾರೇನು?" ಎಂದು ಕಂಡಕ್ಟರ್ ಕನಿಕರದಿಂದ ಕೇಳಿದ.

ಬಬಲೇಶ್ವರದಿಂದ ಮುಂದೆ ಎರೆಮಣ್ಣಿನ ದಾರಿ. ಒಣಗಿದ್ದಾಗ ಕಲ್ಲು, ನೆನೆದಾಗ ಹಿಟ್ಟು. ಒಂದು ಮೈಲಿ ಹೋಗುವುದರೊಳಗೆ ಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡಿನೊಳಗೆ ತುಂಬಿ ಸೈಕಲ್ ನಿಂತುಬಿಟ್ಟಿತು. ಕೋಲಿನಿಂದ ಕೆತ್ತಿದೆ, ಮತ್ತೆ ತುಂಬಿತು. ಕೊನೆಗೆ ಅದನ್ನು ಹೆಗಲ ಮೇಲೆ ಹೊತ್ತೆ. ಎದುರು ಬಂದ ಕುರಿಗಾರನೊಬ್ಬ ದಾರಿ ಬಿಟ್ಟು ನಿಂತು, "ಸೈಕಲ್ಲಿಗೆ ಆರಾಮ ಇಲ್ಲೇನ್ರಿ" ಎಂದ. ಬೇರೆ ದಿನವಾಗಿದ್ದರೆ ಅವನಿಗಿಂತ ಒಳ್ಳೆಯ ಜೋಕು ನಾನು ಹೇಳುತ್ತಿದ್ದೆ. ಅಂದು ನಿಲ್ಲದೆ ಮುಂದೆ ನಡೆದೆ. ಹೊತ್ತು ಇಳಿಯುತ್ತಿತ್ತು. ಪ್ರತಿ ಹೆಜ್ಜೆಗೂ ಚಪ್ಪಲಿಗೆ ಒಂದು ಸೇರು ಹೊಲ ಅಂಟುತ್ತಿತ್ತು. ಈಗ ವಾರ್ತೆ ಬರುತ್ತಿರಬೇಕು, ಈಗ ಹವಾಮಾನ, ಇನ್ನೇನು ಹಾಡು ಎಂದು ನಾನೇ ನಿಲಯವಾಗಿ ನಡೆಯುತ್ತಿದ್ದೆ.

ಕಾಖಂಡಕಿಯ ಚಾವಡಿಯಲ್ಲಿ ಇಡೀ ಊರಿತ್ತು. ಎಲ್ಲರಿಗಿಂತ ಮುಂದೆ ಕೌದಿ ಹಾಸಿಕೊಂಡು ಕಾಶವ್ವ ಕೂತಿದ್ದಳು. ಕಂಬದ ಮರೆಗೆ ನೀಲವ್ವ. ಪೆಟ್ಟಿಗೆ ಮರಾಠಿಯಲ್ಲಿ ಕಬ್ಬಿನ ಗೊಬ್ಬರದ ಬಗ್ಗೆ ಹೇಳುತ್ತಿತ್ತು. ಕಾಶವ್ವ ಒಂದೇ ಮಾತು ಹೇಳಿದಳು, "ಬಂದ ನೋಡು. ತಗೀರಿ, ದಾರಿ ಬಿಡ್ರಿ ಅವಗ."

ಸೈಕಲ್ ಎಲ್ಲಿ ಒಗೆದೆನೋ ಗೊತ್ತಿಲ್ಲ. ಗೊಂಚಲಿನಲ್ಲಿ ಕಾಖಂಡಕಿಯ ಬೀಗದಕೈ ಸಿಗಲಿಲ್ಲ. ಕೆಸರಿನಲ್ಲಿ ಎಲ್ಲ ಒಂದೇ ಥರ ಕಾಣುತ್ತಿದ್ದವು. ಸಿಕ್ಕಿತು. ಅರಗು ಒಡೆಯಲಿಲ್ಲ, ಶನಿವಾರ ಚಹಾದ ಖುಷಿಯಲ್ಲಿ ಎರಡು ಪಟ್ಟು ಸುರಿದಿದ್ದೆ. ಕೆತ್ತಿದೆ, ಹೆಬ್ಬೆರಳು ಕುಯ್ದುಕೊಂಡೆ. ತಿರುಪು ಹಿಂದಕ್ಕೆ ಬಂತು. ಸಿಳ್ಳು, ಗೊರಕೆ, ಸಿಳ್ಳು. ಆಮೇಲೆ ದೂರದಿಂದ ಕನ್ನಡ.

"ಈವರೆಗೆ ಬೀಸುವ ಪದಗಳನ್ನು ಕೇಳಿದಿರಿ. ಇನ್ನು ಪೇಟೆ ಧಾರಣೆ."

ಬಿಳಿಜೋಳದ ಧಾರಣೆ ಹೇಳಿದರು, ಶೇಂಗಾದ್ದು ಹೇಳಿದರು. ಕಾಶವ್ವ ಎದ್ದು ಕೌದಿ ಮಡಚಿದಳು.

"ಕಾಶವ್ವಾ, ತಪ್ಪು ನಂದು. ತಿರುಪು ನಾನ ಉಲ್ಟಾ ತಿರುವೀನಿ. ಈಕಿ ಹಾಡ್ಯಾಳ, ಖರೇನ ಹಾಡ್ಯಾಳ" ಎಂದೆ.

"ತಪ್ಪು ಯಾರದಾದ್ರೂ ಆಗಲಿ ತಮ್ಮಾ. ನಾ ಅಂತೂ ಕೇಳಲಿಲ್ಲ." ಕಂಬದ ಕಡೆ ತಿರುಗಿ, "ನಡಿಯವಾ, ಎಮ್ಮಿ ಹಿಂಡಬೇಕು" ಎಂದಳು.

ನೀಲವ್ವ ನನ್ನ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೆ ನಾನು ಬದುಕುತ್ತಿದ್ದೆ.

ಉಳಿದ ಊರುಗಳನ್ನು ವಾರವಿಡೀ ಸರಿಪಡಿಸಿದೆ. ಸಾಹೇಬರು ಪರೀಕ್ಷಾವಧಿಯನ್ನು ಇನ್ನಾರು ತಿಂಗಳು ಬೆಳೆಸಿದರು; ಅದು ನನಗೆ ಸೊಳ್ಳೆ ಕಚ್ಚಿದಷ್ಟೂ ಹತ್ತಲಿಲ್ಲ. ಮೀಸೆ ಬೋಳಿಸಿದೆ, ಯಾರೂ ಗಮನಿಸಲಿಲ್ಲ. ರಾತ್ರಿ ಮಲಗಿದರೆ ಅದೇ ದನಿ: ಈವರೆಗೆ ಬೀಸುವ ಪದಗಳನ್ನು ಕೇಳಿದಿರಿ.

ಬಬಲೇಶ್ವರದ ಸಂತೆಯ ದಿನ ಅಲ್ಲಿಯ ಬ್ಯಾಟರಿ ಬದಲಿಸಲು ಹೋಗಿದ್ದೆ. ದೂರದಿಂದಲೇ ಕಾಶವ್ವ ಕಂಡಳು, ಮುಂದೆ ಬದನೆಕಾಯಿ ರಾಶಿ. ನಾನು ಒಣಮೆಣಸಿನ ಚೀಲಗಳ ಹಿಂದೆ ಸರಿದು ಕೂತೆ. ಓಡಿಹೋಗಬಹುದಿತ್ತು, ಆದರೆ ಬ್ಯಾಟರಿ ನನಗಿಂತ ಭಾರವಿತ್ತು. ಅಷ್ಟರಲ್ಲಿ ಇಬ್ಬರು ಹೆಂಗಸರು ಬದನೆಕಾಯಿ ಒತ್ತಿ ನೋಡುತ್ತ ಕೂತರು.

"ಯಾವೂರವ್ವಾ ನಿಂದು?"

"ಕಾಖಂಡಕಿ."

"ಯವ್ವಾ, ಮೊನ್ನಿ ರೇಡಿಯೊದಾಗ ಹಾಡಿದಾಕಿ ನಿಮ್ಮೂರಾಕಿ ಅಂದ್ರಲ್ಲ. ನೀಲವ್ವ ಅಂತ. ನಮ್ಮ ಸಾರವಾಡದಾಗ ಹೆಣ್ಣಮಕ್ಕಳೆಲ್ಲಾ ರೊಟ್ಟಿ ಬಡಿಯೂದು ಬಿಟ್ಟು ಚಾವಡಿಗಿ ಹೋಗಿದ್ವಿ. ಬೀಸೂ ಕಲ್ಲನ್ನ ಮಾತಾಡಸಿದಂಗ ಹಾಡ್ಯಾಳ."

ಕಾಶವ್ವ ತಕ್ಕಡಿ ಕೆಳಗಿಟ್ಟಳು. "ಏನ ಹಾಡಿದ್ಲು?"

ಆ ಹೆಂಗಸು ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಎರಡು ಸಾಲು ಗುನುಗಿದಳು. ಕಾಶವ್ವನ ಹುಬ್ಬು ಗಂಟಾಯಿತು.

"ಹಂಗಲ್ಲವಾ. ಎರಡನೆ ಸಾಲು ಏರಸಂಗಿಲ್ಲ, ಇಳಸತಾಳ ಆಕಿ. ಕಲ್ಲು ಒಂದ ಸುತ್ತು ಬರೂತನಕ ಎಳೀತಾಳ, ಆಮ್ಯಾಲೆ ಬಿಡತಾಳ." ಬದನೆಕಾಯಿ ರಾಶಿಯ ಮುಂದೆ, ಸಂತೆಯ ಗದ್ದಲದೊಳಗೆ, ಅವಳೇ ಸಣ್ಣಗೆ ಹಾಡಿ ತೋರಿಸಿದಳು. ಬಲಗೈ ತಾನಾಗಿ ಗೂಟ ಹಿಡಿದಂತೆ ತಿರುಗುತ್ತಿತ್ತು.

"ನಿನಗ ಹೆಂಗ ಗೊತ್ತು?"

"ದಿನಾ ಬೆಳಗಿನಾಗ ನನ್ನ ತಲೆದಿಂಬಿನ ಬಾಜೂಕ ಬೀಸತಾಳ. ನನ್ನ ಸೊಸಿ." ಆ ಮೇಲೆ ಅವಳು ಬದನೆಕಾಯಿ ಮಾರುವುದನ್ನೇ ಬಿಟ್ಟು ಕೇಳತೊಡಗಿದಳು. ಎಷ್ಟು ಹೊತ್ತು ಹಾಡಿದಳು, ಯಾರು ಯಾರು ಕೂತಿದ್ದರು, ಗಂಡಸರು ಎದ್ದು ಹೋದರೋ ಇಲ್ಲವೋ. ಪ್ರತಿ ಉತ್ತರಕ್ಕೂ ಮುಖ ಅರಳುತ್ತಿತ್ತು, ಅರಳಿದ ಮರುಗಳಿಗೆ ಗಂಟಾಗುತ್ತಿತ್ತು. ಅವರು ಎದ್ದು ಹೋದಮೇಲೆ ಮೆಣಸಿನ ಘಾಟಿಗೆ ನಾನು ಸೀನಿದೆ.

"ಹೊರಗ ಬಾ. ಕಂಡೀದಿ" ಎಂದಳು ಕಾಶವ್ವ.

ಬಂದೆ. ಕೈ ಮುಗಿಯಬೇಕೋ ಕಾಲು ಹಿಡಿಯಬೇಕೋ ತಿಳಿಯದೆ ಒಂದು ಬದನೆಕಾಯಿ ಹಿಡಿದು ನಿಂತೆ.

"ಸಾರವಾಡದವರು ಕೇಳ್ಯಾರ. ತಿಕೋಟಾದಾಗೂ ಕೇಳಿರಬೇಕಲ್ಲ?"

"ಕೇಳ್ಯಾರವ್ವಾ."

"ಜಗತ್ತೆಲ್ಲಾ ನನ್ನ ಸೊಸಿ ಹಾಡು ಕೇಳೈತಿ. ನಾ ಒಬ್ಬಾಕಿ ಹಿಂದ ಉಳದೀನಿ. ಊರ ಮಂದಿ ನನ್ನ ಮುಂದ ತಪ್ಪ ತಪ್ಪ ಗುನಗತಾರ, ನಾ ಬಾಯಿ ಮುಚಗೊಂಡು ಕುಂಡ್ರಬೇಕೇನು?" ಕಾಯಿಗಳನ್ನು ಬುಟ್ಟಿಗೆ ತುಂಬುತ್ತ, ನನ್ನ ಮುಖ ನೋಡದೆ ಹೇಳಿದಳು. "ಉಗಾದಿಗೆ ಕಳಸತೇನಿ ಆಕಿನ್ನ."

ನನ್ನ ಕಣ್ಣು ಉರಿದದ್ದು ಮೆಣಸಿಗೆ ಎಂದೇ ಇಟ್ಟುಕೊಳ್ಳಿ. "ಚಲೋ ಆತವ್ವಾ. ಅವತ್ತು ನಾ ಹಿಂದಿನ ದಿನಾನ ಬಂದು, ಪೆಟಗಿ ಬಾಜೂಕ ಕುಂತು, ನಾನ ಹಚ್ಚಿ ಕೇಳಸತೇನಿ" ಎಂದೆ.

ಕಾಶವ್ವ ಬುಟ್ಟಿ ತಲೆಯ ಮೇಲೆ ಏರಿಸಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ನೀ ಬರೂದು ಬ್ಯಾಡ, ನಿನ್ನ ಪೆಟಗೀನೂ ಬ್ಯಾಡ. ಈ ಸಲ ನಾನೂ ಆಕಿ ಸಂಗಾಟ ಹೋಗಿ, ಅಲ್ಲೇ ಆಕಿ ಮಗ್ಗಲಾಗ ಕುಂತು ಕೇಳಿ ಬರತೇನಿ."